ವರದಿ ಬರುವ ತನಕ ಮಗುವಿನ ಆರೈಕೆ ನಿಲ್ಲಬಾರದು

ಹೊಡೆತ, ಹಸಿವು ಅಥವಾ ಲೈಂಗಿಕ ದೌರ್ಜನ್ಯಕ್ಕೆ ಸಿಲುಕಿದ ಮಗುವಿನ ಬಗ್ಗೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋದ ಮೇಲೆ ಏನಾಗುತ್ತದೆ? ಅಧಿಕಾರಿಗಳು ಬಂದು ಒಂದೇ ದಿನದಲ್ಲಿ ಎಲ್ಲವನ್ನೂ ಸರಿಪಡಿಸುತ್ತಾರೆಂದು ಕೆಲವರು ನಂಬುತ್ತಾರೆ. ಮಗುವನ್ನು ಕಿತ್ತುಕೊಂಡೇ ಹೋಗುತ್ತಾರೆಂದು ಇನ್ನು ಕೆಲವರು ಹೆದರುತ್ತಾರೆ. ಎರಡೂ ಪೂರ್ತಿ ನಿಜವಲ್ಲ.

2015ರ ಬಾಲನ್ಯಾಯ ಕಾಯ್ದೆಯಂತೆ, ರಕ್ಷಣೆಗೆ ಪಡೆದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅನಂತರ ಸಮಾಜ ಕಾರ್ಯಕರ್ತರು ಮನೆ, ನೆರೆಹೊರೆ, ಶಾಲೆಗಳಲ್ಲಿ ವಿಚಾರಿಸಿ 15 ದಿನಗಳಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅದನ್ನು ನೋಡಿ ಸಮಿತಿ 4 ತಿಂಗಳೊಳಗೆ ಅಂತಿಮ ಆದೇಶ ನೀಡಬೇಕು.

ತೊಡಕು ಇರುವುದು ಈ ವರದಿಯಲ್ಲೇ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಯೋಜನೆಯಂತೆ ಇರುವುದು ಸಾಮಾನ್ಯವಾಗಿ 2 ಸಮಾಜ ಕಾರ್ಯಕರ್ತರ ಹುದ್ದೆ, ಅದೂ ಗುತ್ತಿಗೆಯ ಮೇಲೆ. ಒಂದು ಹುದ್ದೆ ಖಾಲಿಯಾದರೆ ಇಡೀ ಜಿಲ್ಲೆಯ ಕೆಲಸದ ಬಹುಪಾಲು ಇನ್ನೊಬ್ಬರ ಮೇಲೆ ಬೀಳುತ್ತದೆ. ಆಗ ಮಕ್ಕಳ ಕಡತಗಳು ಸರದಿಯಲ್ಲಿ ನಿಲ್ಲುತ್ತವೆ. ಒಂದು ಮಗು ಪೆಟ್ಟು ತಿಂದ ಮನೆಯಲ್ಲೇ ದಿನ ದೂಡುತ್ತದೆ. ಇನ್ನೊಂದು ಮಗು, ಸಾಕಲು ಅಜ್ಜಿ ಸಿದ್ಧರಿದ್ದರೂ, ಬಾಲಮಂದಿರದಲ್ಲಿ ಉಳಿಯುತ್ತದೆ.

ಈ ಸರದಿಯನ್ನು ನಾವು ಅಳಿಸಲಾರೆವು. ಆದರೆ ಸಮಾಜ ಕಾರ್ಯಕರ್ತರಿಗಾಗಿ ಕಾಯಬೇಕಿಲ್ಲದ ಕೆಲಸಗಳು ಬಹಳಷ್ಟಿವೆ.

ಚಿಕಿತ್ಸೆ: ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಸರಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಉಚಿತ ತುರ್ತು ಚಿಕಿತ್ಸೆ ಕೊಡಬೇಕು. ಪೊಲೀಸ್ ಪತ್ರ ತನ್ನಿರೆಂದು ವೈದ್ಯರು ಕೇಳುವಂತಿಲ್ಲ. ಲೈಂಗಿಕ ದೌರ್ಜನ್ಯವಾಗಿದ್ದರೆ ಮಗುವನ್ನು ಸ್ನಾನ ಮಾಡಿಸಿ ಬಟ್ಟೆ ಒಗೆಯಬೇಕೆಂದು ತಾಯಿಗೆ ಅನ್ನಿಸುವುದು ಸಹಜ. ಆದರೆ ಮೊದಲು ಆಸ್ಪತ್ರೆಗೆ ಹೋಗಿ. ಕಳಚಿದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ. ಸ್ನಾನ ಆಗಿಹೋಗಿದ್ದರೂ ಚಿಂತಿಸದೆ ಹೊರಡಿ, ಚಿಕಿತ್ಸೆ ಬೇಕೇ ಬೇಕು.

ದೂರು: ಲೈಂಗಿಕ ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಇದನ್ನು ಜಮಾಅತಿನಲ್ಲಿ ರಾಜಿ ಮಾಡಿ ಮುಗಿಸುವುದು ಮರ್ಯಾದೆ ಉಳಿಸುವ ದಾರಿಯಲ್ಲ, ಮಗುವಿಗೆ ಎರಡನೆಯ ಅನ್ಯಾಯ. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಮನೆಯಲ್ಲೇ ಹೇಳಿಕೆ ಪಡೆಯಿರೆಂದು ನೀವು ಕೇಳಬಹುದು.

ಆಸರೆ: ಆರೋಪ ಹೊತ್ತವರ ಹತ್ತಿರ ಮಗುವನ್ನು ಒಂಟಿಯಾಗಿ ಬಿಡಬೇಡಿ. ಶಾಲೆ, ಮದ್ರಸ, ಆಟ ತಪ್ಪಿಸಬೇಡಿ. ಹಾಸಿಗೆ ಒದ್ದೆ ಮಾಡುವುದು, ಹೊಟ್ಟೆನೋವು, ನಿದ್ದೆಯಲ್ಲಿ ಬೆಚ್ಚುವುದು ಹಟವಲ್ಲ, ಭಯದ ಲಕ್ಷಣವಿರಬಹುದು. ಬಂದವರೆಲ್ಲ ನಡೆದದ್ದನ್ನು ಮತ್ತೆ ಮತ್ತೆ ಕೇಳುವುದನ್ನು ತಡೆಯಿರಿ. ಘಟಕದಲ್ಲಿ ಆಪ್ತ ಸಮಾಲೋಚಕರ ಹುದ್ದೆಯೂ ಇದೆ, ಅವರ ನೆರವು ಕೇಳಿ.

ದಾಖಲೆ: ಜನನ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ತಂದೆ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಜೋಡಿಸಿಡಿ. ಸಾಕಲು ಸಿದ್ಧರಿರುವ ಅಜ್ಜಿ, ಚಿಕ್ಕಮ್ಮ, ಮಾವ ಸಮಿತಿಗೆ ಬರವಣಿಗೆಯಲ್ಲಿ ತಿಳಿಸಲಿ. ವಿಧವೆ ತಾಯಿಯ ಬಡತನವೇ ಕಷ್ಟದ ಮೂಲವಾಗಿದ್ದರೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ನೆರವಿಗೆ ಅರ್ಜಿ ಕೊಡಿ. ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ.

15 ದಿನ ಕಳೆದರೂ ಯಾರೂ ಬಾರದಿದ್ದರೆ, ಸಮಿತಿಯ ಮುಂದೆ ಮಗು ಹಾಜರಾದ ದಿನಾಂಕ ನಮೂದಿಸಿ ಸಮಿತಿಗೂ ಘಟಕಕ್ಕೂ ಪತ್ರ ಕೊಡಿ, ಸ್ವೀಕೃತಿ ಪಡೆಯಿರಿ. ಆಗಲೂ ಕೆಲಸವಾಗದಿದ್ದರೆ ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ಸಮಿತಿಯ ಕಾರ್ಯವೈಖರಿಯ ಕುರಿತ ದೂರು ಕೇಳುವ ಹೊಣೆ ಅವರದೇ.

ನಮ್ಮ ಪ್ರವಾದಿಯವರು(ಸ) ಹುಟ್ಟುವ ಮೊದಲೇ ತಂದೆಯನ್ನು, ಎಳೆವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡವರು. ಅಜ್ಜ ಅಬ್ದುಲ್ ಮುತ್ತಲಿಬ್, ಬಳಿಕ ದೊಡ್ಡಪ್ಪ ಅಬೂತಾಲಿಬ್ ಅವರನ್ನು ಸಾಕಿದರು. ಯತೀಮರ ಪಾಲನೆಯನ್ನು ಪುಣ್ಯವೆಂದು ತಿಳಿದ ಸಮುದಾಯ ನಮ್ಮದು. ಪ್ರತಿ ಮೊಹಲ್ಲಾದಲ್ಲಿ ಅರ್ಜಿ ಬರೆಯಬಲ್ಲ, ಕಚೇರಿಗೆ ಜೊತೆಯಾಗಿ ಹೋಗಬಲ್ಲ ಇಬ್ಬರಾದರೂ ಸಿದ್ಧರಿರಲಿ. ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಸಮಾಜಕಾರ್ಯದ ಪದವಿ ಓದಿ ಈ ಹುದ್ದೆಗಳಿಗೆ ಬರಲಿ. ಇಂದು ಸರದಿಯಲ್ಲಿರುವ ಮಗುವಿಗೆ ಮಾತ್ರ ಅಷ್ಟು ಸಮಯವಿಲ್ಲ. ಅದರ ಪಕ್ಕದ ಮನೆಯವರು ನಾವೇ.