ದಮ್ಮಿನ ಮದ್ದು, ಮೈಯ ತೂಕ

ಮಕ್ಕಳಿಗೆ ಜ್ವರದ ಔಷಧ ಕೊಡುವಾಗ ವೈದ್ಯರು ತೂಕ ನೋಡುತ್ತಾರೆ. ದೊಡ್ಡವರ ಅಸ್ತಮಾ ಇನ್‌ಹೇಲರ್‌ಗೆ ಆ ಲೆಕ್ಕವಿಲ್ಲ. 50 ಕಿಲೋ ತೂಗುವವರಿಗಾಗಲಿ 100 ಕಿಲೋ ತೂಗುವವರಿಗಾಗಲಿ, ಡೋಸ್ ನಿರ್ಧಾರವಾಗುವುದು ಕಾಯಿಲೆಯ ತೀವ್ರತೆಯಿಂದ. ಮದ್ದು ಮೈಯೆಲ್ಲ ಸುತ್ತಬೇಕಾಗಿಲ್ಲ, ನೇರವಾಗಿ ಶ್ವಾಸನಾಳಕ್ಕೇ ಇಳಿಯುತ್ತದೆ. ಹಾಗಿದ್ದರೂ ಬೊಜ್ಜು ಇರುವವರಲ್ಲಿ ಇನ್‌ಹೇಲರ್ ಸ್ಟೀರಾಯ್ಡ್‌ನ ಫಲ ಕಡಿಮೆ.

2006ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದನ್ನು ತೋರಿಸಿತು. ನಾಲ್ಕು ಪ್ರಯೋಗಗಳ 3,073 ವಯಸ್ಕ ರೋಗಿಗಳನ್ನು ತೂಕ ಮತ್ತು ಎತ್ತರದ ವರ್ಗದ ಅನುಪಾತವಾದ ಬಿಎಂಐ ಪ್ರಕಾರ ವಿಂಗಡಿಸಿ ನೋಡಲಾಯಿತು. ಬಿಎಂಐ ಏರಿದಂತೆ ಬೆಕ್ಲೊಮೆಥಾಸೋನ್ ಎಂಬ ಸ್ಟೀರಾಯ್ಡ್ ಇನ್‌ಹೇಲರ್‌ನ ಪ್ರಯೋಜನ ಇಳಿಯಿತು. ಸ್ಟೀರಾಯ್ಡ್ ಅಲ್ಲದ ಮಾಂಟೆಲುಕಾಸ್ಟ್ ಮಾತ್ರೆಯ ಪ್ರಯೋಜನ ಹೆಚ್ಚುಕಡಿಮೆ ಇದ್ದಷ್ಟೇ ಉಳಿಯಿತು. ಪ್ರಯೋಗ ಮುಗಿದ ಮೇಲೆ ಮಾಡಿದ ವಿಂಗಡಣೆ ಇದು. ಹಾಗಾಗಿ ದಪ್ಪಗಿರುವವರಿಗೆ ಮಾತ್ರೆಯೇ ಮೇಲು ಎಂದು ಇದರಿಂದ ತೀರ್ಮಾನಿಸಲಾಗದು.

ಕಾರಣ ಎರಡು ಕಡೆ ಇದೆ. ಒಂದು, ಉರಿಯೂತದ ಬಗೆ. ಅಲರ್ಜಿಯ ಅಸ್ತಮಾದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳದ್ದೇ ಕಾರುಬಾರು; ಸ್ಟೀರಾಯ್ಡ್ ಅವನ್ನು ಚೆನ್ನಾಗಿ ಹತೋಟಿಗೆ ತರುತ್ತದೆ. ನಡುವಯಸ್ಸಿನಲ್ಲಿ ಬೊಜ್ಜಿನ ಜೊತೆ ಕಾಣಿಸಿಕೊಳ್ಳುವ ಅಸ್ತಮಾದಲ್ಲಿ, ಹೆಚ್ಚಾಗಿ ಹೆಂಗಸರಲ್ಲಿ, ಈ ಕಣಗಳು ಕಡಿಮೆ ಇರುವುದುಂಟು. ಕೊಬ್ಬಿನ ಅಂಗಾಂಶ ಲೆಪ್ಟಿನ್, ಇಂಟರ್‌ಲ್ಯೂಕಿನ್-6ರಂಥ ಉರಿಯೂತಕಾರಕಗಳನ್ನೂ ಸ್ರವಿಸುತ್ತಿರುತ್ತದೆ. ಇದಲ್ಲದೆ, ಸ್ಟೀರಾಯ್ಡ್ ತಾಗಿದಾಗ ಉರಿಯೂತ ತಗ್ಗಿಸುವ ಎಂಕೆಪಿ-1 ಎಂಬ ಪ್ರೋಟೀನಿನ ಉತ್ಪತ್ತಿ ಹೆಚ್ಚಬೇಕು; ತೂಕ ಹೆಚ್ಚಿದ ಅಸ್ತಮಾ ರೋಗಿಗಳ ಜೀವಕೋಶಗಳಲ್ಲಿ ಈ ಏರಿಕೆ ಕಡಿಮೆ ಎಂದು 2008ರ ಅಧ್ಯಯನವೊಂದು ಕಂಡುಕೊಂಡಿತು.

ಎರಡನೆಯದು ಭಾರ. ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಕಡಿಮೆಯಾಗುತ್ತದೆ. ಸಣ್ಣ ಶ್ವಾಸನಾಳಗಳು ಕಿರಿದಾಗಿ ಬೇಗ ಮುಚ್ಚಿಕೊಳ್ಳುತ್ತವೆ. ಏದುಸಿರಿನ ಈ ಪಾಲನ್ನು ಸ್ಟೀರಾಯ್ಡ್ ತೆಗೆಯಲಾರದು.

ಇದು ತಿಳಿಯದೆ ಡೋಸ್ ಏರಿಸುತ್ತ ಹೋದರೆ ತೊಂದರೆ. ಉಬ್ಬಸ ಹೆಚ್ಚಿದಾಗಲೆಲ್ಲ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಹಸಿವು ಹೆಚ್ಚಿ ತೂಕ ಇನ್ನೂ ಏರಬಹುದು. ಹಾಗಾಗಿ ಮೊದಲು ಸ್ಪೈರೊಮೆಟ್ರಿ ಎಂಬ ಉಸಿರಾಟದ ಪರೀಕ್ಷೆಯಿಂದ ಇದು ಅಸ್ತಮಾವೇ ಎಂದು ಖಚಿತಪಡಿಸಿಕೊಳ್ಳಬೇಕು. ಇನ್‌ಹೇಲರ್ ಎಳೆಯುವ ಕ್ರಮ ಸರಿಯಿದೆಯೇ, ರಕ್ತದಲ್ಲಿ ಇಯೊಸಿನೊಫಿಲ್ ಎಷ್ಟಿವೆ, ಎದೆಯುರಿ ಅಥವಾ ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇದೆಯೇ ಎಂದೂ ನೋಡಬೇಕು.

ತೂಕ ಇಳಿಸಿದರೆ ಫಲವಿದೆಯೇ? ಫಿನ್ಲೆಂಡಿನಲ್ಲಿ ಬೊಜ್ಜಿದ್ದ 38 ಅಸ್ತಮಾ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಎಂಟು ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಡಲಾಯಿತು. 2000ದಲ್ಲಿ ಪ್ರಕಟವಾದ ಫಲಿತಾಂಶದಂತೆ, 14 ವಾರಗಳ ಕಾರ್ಯಕ್ರಮ ಮುಗಿದಾಗ ಅವರ ತೂಕ ಸರಾಸರಿ ಶೇ. 14.5ರಷ್ಟು ಇಳಿದಿತ್ತು, ಉಸಿರಾಟವೂ ಸುಧಾರಿಸಿತ್ತು. ಅಷ್ಟು ಇಳಿಸಲೇಬೇಕೆಂದಿಲ್ಲ, ಶೇ. 5ರಿಂದ 10 ಇಳಿದರೂ ಅಸ್ತಮಾ ಹತೋಟಿಗೆ ನೆರವಾಗಬಲ್ಲದು ಎನ್ನುತ್ತದೆ ಜಾಗತಿಕ ಅಸ್ತಮಾ ಮಾರ್ಗಸೂಚಿ. ಭಾರತೀಯರಿಗೆ ಬಿಎಂಐ 23 ದಾಟಿದರೇ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು ಎಂಬುದೂ ನೆನಪಿರಲಿ.

ಆದರೆ ಫಲ ಕಡಿಮೆ ಎಂದರೆ ಫಲವೇ ಇಲ್ಲವೆಂದಲ್ಲ. ತೂಕ ಇಳಿಯುವವರೆಗೂ, ಇಳಿದ ಮೇಲೂ, ವೈದ್ಯರು ಹೇಳುವ ತನಕ ಇನ್‌ಹೇಲರ್ ನಿಲ್ಲಿಸಬಾರದು.