ಅಗ್ಗದ ಕಿಟ್ ಕಾರಿನ ಗಟ್ಟಿತನ

ಬಿಡಿಭಾಗಗಳನ್ನು ಕೊಂಡುತಂದು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಮೋಟಾರಿಗೆ ಕಿಟ್ ಕಾರು ಎಂದು ಹೆಸರು. ಈ ಪದ್ಧತಿಯು ಬ್ರಿಟನ್ನಿನಲ್ಲಿ ಬೆಳೆದುದಕ್ಕೆ ತೆರಿಗೆಯೂ ಒಂದು ಕಾರಣ. ಅಲ್ಲಿ ಸಿದ್ಧವಾದ ಹೊಸ ಕಾರಿಗೆ ಖರೀದಿ ತೆರಿಗೆಯಿದ್ದಿತು, ಬಿಡಿಭಾಗಗಳಿಗೆ ಇರಲಿಲ್ಲ. 1957ರಲ್ಲಿ ಹೊರಬಂದ ಲೋಟಸ್ ಸೆವೆನ್ ಎಂಬ ಹಗುರವಾದ ಕಾರು ಈ ರೀತಿಯಲ್ಲಿಯೂ ಮಾರಾಟವಾಯಿತು. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದು ಈ ಅನುಕೂಲ ತಪ್ಪಿದರೂ ಹವ್ಯಾಸ ಉಳಿಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬವರು ಇದೇ ಬಗೆಯ ಕಾರನ್ನು ಅತ್ಯಲ್ಪ ವೆಚ್ಚದಲ್ಲಿ ಕಟ್ಟುವ ಕ್ರಮವನ್ನು ಪುಸ್ತಕರೂಪದಲ್ಲಿ ವಿವರಿಸಿದರು. ಹಳೆಯ ಫೋರ್ಡ್ ಎಸ್ಕಾರ್ಟಿನ ಎಂಜಿನು ಮುಂತಾದವನ್ನು ಬಳಸಿಕೊಳ್ಳುವ ಈ ಕಾರು ‘ಲೋಕಾಸ್ಟ್’ ಎಂದು ಹೆಸರಾಗಿದೆ. ಇದರ ಚೌಕಟ್ಟನ್ನು ತಾವೇ ಬೆಸೆದುಕೊಳ್ಳುವವರುಂಟು. ಸಿದ್ಧ ಚೌಕಟ್ಟನ್ನು ಕೊಳ್ಳುವವರೂ ಉಂಟು.

ಇಂಥ ಕಾರು ಗಟ್ಟಿಯೇ ಎಂಬುದನ್ನು ನಿರ್ಣಯಿಸುವುದು ಹೇಗೆ? ಹೊಳೆಯುವ ಬಣ್ಣಕ್ಕಿಂತ ಮೊದಲು ನಾವು ಚೌಕಟ್ಟನ್ನು ನೋಡಬೇಕು. ಅದು ಸುಮಾರು 25 ಮಿಲಿಮೀಟರ್ ಅಗಲದ ಚೌಕಾಕಾರದ ಉಕ್ಕಿನ ಕೊಳವೆಗಳಿಂದಾದುದು. ನಾಲ್ಕು ಕಡ್ಡಿಗಳನ್ನು ಮೂಲೆಗೊಂದರಂತೆ ಮೊಳೆ ಹೊಡೆದು ಚೌಕವಾಗಿ ಜೋಡಿಸಿ ಒತ್ತಿದರೆ ಅದು ಒಂದು ಕಡೆಗೆ ವಾಲುತ್ತದೆ. ಕರ್ಣದ ದಿಕ್ಕಿನಲ್ಲಿ ಐದನೆಯ ಕಡ್ಡಿಯನ್ನು ಸೇರಿಸಿದರೆ ಎರಡು ತ್ರಿಕೋನಗಳಾಗಿ ಅದು ಅಲುಗದೆ ನಿಲ್ಲುತ್ತದೆ. ಬಾಹುಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗಲಾರದಷ್ಟೆ! ಆದುದರಿಂದ ಕರ್ಣಕೊಳವೆಗಳು ಎಲ್ಲೆಲ್ಲಿವೆ, ಎಲ್ಲಿ ಬಿಟ್ಟುಹೋಗಿವೆ ಎಂಬುದೇ ಮೊದಲ ಪರೀಕ್ಷೆ. ತಿರುಚಿಕೊಳ್ಳುವ ಚೌಕಟ್ಟಿನಲ್ಲಿ ಚಕ್ರಗಳ ಕೋನಗಳು ಕೆಡುತ್ತವೆ. ಪದೇಪದೇ ಬಾಗಿದ ಲೋಹವು ದಣಿದು, ಕೀಲುಗಳ ಬಳಿ ಬಿರುಕು ಬಿಡುತ್ತದೆ.

ಎರಡನೆಯದು ಬೆಸುಗೆ. ಮೇಲೆ ನಯವಾಗಿ ಕಾಣುವ ಬೆಸುಗೆಯು ಒಳಗೆ ಉಕ್ಕಿನೊಡನೆ ಕರಗಿ ಒಂದಾಗಿರದೆ, ಕೇವಲ ಅಂಟಿಕೊಂಡಿರಬಹುದು. ಬಣ್ಣ ಬಳಿದ ಮೇಲೆ ಇದು ತಿಳಿಯುವುದೇ ಇಲ್ಲ. ಆದಕಾರಣ ಜಾಣರು ಅದೇ ಕೊಳವೆಯ ತುಂಡುಗಳನ್ನು ಮೊದಲು ಬೆಸೆದು, ಹಿಡಿಕಟ್ಟಿನಲ್ಲಿ ಬಿಗಿದು ಸುತ್ತಿಗೆಯಿಂದ ಮುರಿದು ನೋಡುತ್ತಾರೆ. ಕೊಳವೆಯೇ ಹರಿದರೆ ಬೆಸುಗೆ ಒಳ್ಳೆಯದು. ಬೆಸುಗೆ ಸಿಪ್ಪೆಯಂತೆ ಕಿತ್ತುಬಂದರೆ ಅದನ್ನು ನಂಬುವಂತಿಲ್ಲ.

ಮೂಗಿನ ಭಾಗ, ಮಡ್‌ಗಾರ್ಡುಗಳು ಸಾಮಾನ್ಯವಾಗಿ ಗಾಜಿನ ಎಳೆಗಳನ್ನು ರಾಳದಲ್ಲಿ ನೆನೆಸಿ ಮಾಡಿದವು. ಇಲ್ಲಿನ ಸಣ್ಣ ಒರಟುತನ ಕಣ್ಣಿಗೆ ಕುಂದೇ ಹೊರತು ಪ್ರಾಣಕ್ಕೆ ಅಪಾಯವಲ್ಲ. ಆದರೆ ಈ ವಸ್ತುವಿನಲ್ಲಿ ವಿದ್ಯುತ್ತು ಹರಿಯದು. ಸಾಧಾರಣ ಕಾರಿನಲ್ಲಿ ಉಕ್ಕಿನ ಮೈಯೇ ವಿದ್ಯುತ್ತಿನ ಮರಳುದಾರಿ. ಇಲ್ಲಿ ಮಡ್‌ಗಾರ್ಡಿನ ಮೇಲಿನ ಪ್ರತಿ ದೀಪಕ್ಕೂ ಬೇರೆ ತಂತಿ ಬೇಕು. ಇದನ್ನು ಮರೆತರೆ ದೀಪ ಉರಿಯದು. ಅಲ್ಯೂಮಿನಿಯಮ್ ತಗಡು ಉಕ್ಕಿಗೆ ನೇರವಾಗಿ ತಗುಲಿದ್ದು ನಡುವೆ ತೇವ ಸೇರಿದರೆ, ಅಲ್ಲಿ ಪುಟ್ಟದೊಂದು ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಮ್ ಸವೆಯುತ್ತದೆ. ಅದರಿಂದಲೇ ಎರಡರ ನಡುವೆ ಬಣ್ಣವನ್ನೋ ಮೇಣದಂಥ ಲೇಪವನ್ನೋ ಹಾಕುವುದು.

ಬ್ರಿಟನ್ನಿನಲ್ಲಿ ಹೀಗೆ ಕಟ್ಟಿದ ಹೊಸ ಕಾರು ರಸ್ತೆಗಿಳಿಯುವ ಮೊದಲು ಸರಕಾರಿ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಬ್ರೇಕು, ಸ್ಟಿಯರಿಂಗು, ದೀಪಗಳನ್ನೆಲ್ಲ ಅಲ್ಲಿ ಪರೀಕ್ಷಿಸುತ್ತಾರೆ. ಆದರೆ ಬೆಸುಗೆಯನ್ನು ಕತ್ತರಿಸಿ ನೋಡುವುದಿಲ್ಲ; ಅದರ ಹೊಣೆ ಕಟ್ಟಿದವನದೇ. ಕಿಟ್ ಕಾರು ಅಗ್ಗವಾಗುವುದು ಕೂಲಿಯು ಉಳಿಯುವುದರಿಂದ ಮತ್ತು ಹಳೆಯ ಭಾಗಗಳು ಬಳಕೆಗೆ ಬರುವುದರಿಂದ. ಗಾದಿಯಲ್ಲಿ, ಬಣ್ಣದಲ್ಲಿ ನಾವು ಎಷ್ಟು ಬೇಕಾದರೂ ಮಿತವ್ಯಯ ಮಾಡಬಹುದು. ಬ್ರೇಕಿನ ಕೊಳವೆ, ಸ್ಟಿಯರಿಂಗಿನ ಕೀಲು, ಸಡಿಲವಾಗದ ನಟ್ಟು, ಇವುಗಳಲ್ಲಿ ಮಾತ್ರ ಕೂಡದು.