ಅಲಗಿನ ಗಡಸುತನ ಕಾಯುವ ಗ್ರೈಂಡರ್

ಚಾಕು ಮಾಡಲು ಬೆಲ್ಟ್ ಗ್ರೈಂಡರ್ ಕೊಳ್ಳುವವರು ನನ್ನನ್ನು ಮೊದಲು ಕೇಳುವುದು, ಎಷ್ಟು ಎಚ್‌ಪಿ ಮೋಟಾರು ಬೇಕು ಅಂತ. ವೇಗ ಇಳಿಸುವುದು ಹೇಗೆ ಅನ್ನುವುದೇ ಮೊದಲ ಪ್ರಶ್ನೆಯಾಗಬೇಕು. 1440 ಆರ್‌ಪಿಎಂ ಮೋಟಾರಿಗೆ 5 ಇಂಚಿನ ಚಕ್ರ ಕೂರಿಸಿದರೆ ಬೆಲ್ಟು ನಿಮಿಷಕ್ಕೆ ಸುಮಾರು 570 ಮೀಟರ್ ಓಡುತ್ತದೆ. ಒರಟು ಕೆಲಸಕ್ಕೆ ಅದು ಸರಿ. ಆದರೆ ಹದ ಹಾಕಿದ ಕಾರ್ಬನ್ ಸ್ಟೀಲಿನ ಅಂಚು ತೆಳ್ಳಗಾದಂತೆಲ್ಲ ಬೇಗ ಕಾಯುತ್ತದೆ. ನೀಲಿ ಬಣ್ಣ ಕಂಡಿತೋ, ಅಲ್ಲಿ ಸುಮಾರು 300 ಡಿಗ್ರಿ ಮುಟ್ಟಿ ಗಡಸುತನ ಇಳಿದಿರುತ್ತದೆ. ಬಣ್ಣ ಉಜ್ಜಿ ತೆಗೆದರೂ ಉಕ್ಕು ಮೆತ್ತಗೇ ಉಳಿಯುತ್ತದೆ. ಅಲಗು ಅದ್ದಿ ತಣಿಸಲು ಪಕ್ಕದಲ್ಲಿ ನೀರಿನ ಬಕೆಟ್ಟು ಇರಲೇಬೇಕು.

ಆದ್ದರಿಂದ ಮೋಟಾರಿನ ವೇಗ ಏರಿಸಿ ಇಳಿಸುವ ವಿಎಫ್‌ಡಿಗೆ ಹಣ ಹಾಕಿ. ವಿಜಯನಗರದ ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲೇ ಅದು ತ್ರೀ ಫೇಸ್ ಮೋಟಾರು ಓಡಿಸುತ್ತದೆ. ಉಕ್ಕಿನ ಧೂಳು ನುಗ್ಗದಂತೆ ಮುಚ್ಚಿದ ವಿಎಫ್‌ಡಿಯೇ ಬೇಕು.

ಬೆಲ್ಟಿನ ಬೆನ್ನಿಗೆ ಆಸರೆಯಾಗುವ ಚಪ್ಪಟೆ ಪ್ಲ್ಯಾಟನ್ ಒಂದಿದ್ದರೆ ಅಡುಗೆ ಚಾಕು ಮಾಡಲು ಸಾಕು. ಬೆರಳು ಕೂರುವ ಬಾಗು ತೆಗೆಯಲು ಸಣ್ಣ ಚಕ್ರಗಳು ಆಮೇಲೆ ಬರಲಿ. 10 ಇಂಚಿನ ಕಾಂಟ್ಯಾಕ್ಟ್ ವೀಲ್‌ಗೆ ಅವಸರವೇ ಇಲ್ಲ. ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡಿನಲ್ಲಿ ಚಕ್ರ ಮಾಡಿಸುವುದಾದರೆ, ಟ್ರ್ಯಾಕಿಂಗ್ ಚಕ್ರದ ನಡು ತುಸು ಉಬ್ಬಿರಲಿ ಎಂದು ಟರ್ನರ್‌ಗೆ ಒತ್ತಿ ಹೇಳಿ. ಆ ಉಬ್ಬಿಲ್ಲದಿದ್ದರೆ ಬೆಲ್ಟು ಪಕ್ಕಕ್ಕೆ ಜಾರುತ್ತದೆ.